ಆಗಿಹೋದ ಬೆಳಕಿನ ಲೆಕ್ಕ

ಬಿಸಿಲನ್ನು ಅಳೆಯಬೇಕೆಂದರೆ ಲೈಟ್ ಮೀಟರನ್ನು ಬಿಸಿಲಿಗೆ ಹಿಡಿದು ಮುಳ್ಳು ನಿಲ್ಲುವವರೆಗೆ ಕಾಯಬಹುದು. ಅನುಮಾನವಿದ್ದರೆ ಇನ್ನೊಮ್ಮೆ ಹಿಡಿಯಬಹುದು. ಬಿಸಿಲು ಎಲ್ಲಿಗೂ ಓಡಿಹೋಗುವುದಿಲ್ಲ. ಸ್ಟುಡಿಯೋದ ಫ್ಲ್ಯಾಶ್ ಸುಮಾರು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಹೊತ್ತಿ ಆರಿಬಿಡುತ್ತದೆ. ನಾವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಅಂಥ ನೂರು ಫ್ಲ್ಯಾಶ್‌ಗಳು ಒಂದರ ಹಿಂದೊಂದು ಬಂದು ಹೋಗಬಹುದು. ಬೆಳಕಾಯಿತು ಎಂಬುದಷ್ಟೇ ಕಣ್ಣಿಗೆ ತಿಳಿಯುತ್ತದೆ. ಎಷ್ಟಾಯಿತು ಎಂದು ಹೇಳುವುದು ಪಳಗಿದ ಛಾಯಾಗ್ರಾಹಕರಿಗೂ ಆಗದ ಮಾತು.

ಆಯುಸ್ಸು ಗಿಡ್ಡವಾದರೂ ಈ ಬೆಳಕು ಸಾಮಾನ್ಯದ್ದಲ್ಲ. ಐಎಸ್‌ಒ 100ರ ಫಿಲ್ಮು, ಎಫ್/8 ಅಪರ್ಚರ್ ಇಟ್ಟುಕೊಂಡಾಗ ಚಿತ್ರ ಸರಿಯಾಗಿ ಮೂಡಲು ವಸ್ತುವಿನ ಮೇಲೆ ಸುಮಾರು 200ರಿಂದ 250 ಲಕ್ಸ್-ಸೆಕೆಂಡಿನಷ್ಟು ಬೆಳಕು ಬೀಳಬೇಕು. ಲಕ್ಸ್ ಎಂದರೆ ಒಂದು ಮೇಲ್ಮೈ ಮೇಲೆ ಬೀಳುವ ಬೆಳಕಿನ ತೀವ್ರತೆಯ ಅಳತೆ. ನಡುಹಗಲಿನ ನೇರ ಬಿಸಿಲು ಹೆಚ್ಚುಕಡಿಮೆ ಒಂದು ಲಕ್ಷ ಲಕ್ಸ್. ಆ ಬಿಸಿಲಿನಲ್ಲಿ ಶಟರನ್ನು ಸೆಕೆಂಡಿನ ನಾನೂರರ ಒಂದು ಪಾಲು ತೆರೆದರೆ 250 ಲಕ್ಸ್-ಸೆಕೆಂಡ್ ಸೇರುತ್ತದೆ. ಫ್ಲ್ಯಾಶ್ ಅಷ್ಟನ್ನೂ ಸಾವಿರದ ಒಂದು ಪಾಲಿನೊಳಗೆ ಸುರಿದು ಮುಗಿಸಬೇಕು. ಹಾಗಾಗಿ ಅದರ ತೀವ್ರತೆ ಸರಾಸರಿಯಲ್ಲೇ ಎರಡು ಲಕ್ಷ ಲಕ್ಸ್‌ನ ಆಚೆಗಿರುತ್ತದೆ. ಬಿಸಿಲಿಗೆ ಎರಡು ಪಟ್ಟು ಪ್ರಖರವಾದ, ಆದರೆ ಅಳೆಯಲು ಕೈ ಎತ್ತುವಷ್ಟರಲ್ಲಿ ಇಲ್ಲವಾಗುವ ಬೆಳಕು ಇದು. ಇದರ ಲೆಕ್ಕ ಹೇಳುವ, ಅಂಗೈಯಲ್ಲಿ ಹಿಡಿಸುವ ಉಪಕರಣ ಬರುವುದಕ್ಕೆ ಫ್ಲ್ಯಾಶ್ ಬಂದ ಮೇಲೂ ಹಲವು ದಶಕ ಕಾಯಬೇಕಾಯಿತು.

ಅಲ್ಲಿಯವರೆಗೆ ಅಳತೆಯ ಕೆಲಸವನ್ನು ಬೆಳಕಿನ ಮೂಲಕ್ಕೇ ವಹಿಸಲಾಗಿತ್ತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೋಹಾನ್ನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ತಯಾರಿಸಿದರು. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಆ ಪುಡಿ ಹೊತ್ತಿಸಿಯೇ ಬಡವರ ಕತ್ತಲೆ ಕೋಣೆಗಳನ್ನು ಚಿತ್ರದಲ್ಲಿ ಹಿಡಿದು ಊರಿಗೆ ತೋರಿಸಿದರು. ಬೆಳಕು ಹೆಚ್ಚು ಬೇಕಿದ್ದರೆ ಪುಡಿ ಹೆಚ್ಚು ಸುರಿಯಬೇಕು, ಲೆಕ್ಕ ಅಷ್ಟೇ. ಹೊಗೆ, ಬೂದಿ, ಸುಟ್ಟ ಕೈಗಳು ಆ ವಿದ್ಯೆಯ ಜೊತೆಗೇ ಬಂದವು. 1929ರಲ್ಲಿ ಜರ್ಮನಿಯಲ್ಲೇ ಫ್ಲ್ಯಾಶ್ ಬಲ್ಬು ಮಾರುಕಟ್ಟೆಗೆ ಬಂತು. ಗಾಜಿನ ಬುರುಡೆಯೊಳಗೆ ಆಮ್ಲಜನಕ, ಅದರಲ್ಲಿ ಉರಿಯಲು ಅಲ್ಯುಮಿನಿಯಂನ ತೆಳು ಹಾಳೆ. ಕಾರ್ಖಾನೆಯಿಂದ ಬರುವ ಪ್ರತಿ ಬಲ್ಬೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬೆಳಕು ಕೊಡುವುದರಿಂದ ಆ ಪ್ರಮಾಣವನ್ನು ಡಬ್ಬಿಯ ಮೇಲೇ ಅಚ್ಚುಹಾಕಬಹುದಾಯಿತು. ಅದೇ ಗೈಡ್ ನಂಬರ್.

ಗೈಡ್ ನಂಬರಿನ ಗಣಿತ ಚೆನ್ನಾಗಿದೆ. ಪುಟ್ಟ ದೀಪದಿಂದ ಹೊರಟ ಬೆಳಕು ದೂರ ಇಮ್ಮಡಿಯಾದರೆ ಕಾಲುಭಾಗಕ್ಕಿಳಿಯುತ್ತದೆ. ಲೆನ್ಸಿನ ಎಫ್-ನಂಬರನ್ನು ಅರ್ಧಕ್ಕಿಳಿಸಿದರೆ ಒಳಬರುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಎರಡೂ ವರ್ಗದ ಲೆಕ್ಕವಾದ್ದರಿಂದ ದೂರವನ್ನೂ ಎಫ್-ನಂಬರನ್ನೂ ಗುಣಿಸಿದರೆ ಬರುವ ಸಂಖ್ಯೆ ಬದಲಾಗುವುದಿಲ್ಲ. ಗೈಡ್ ನಂಬರ್ 32 ಎಂದಿದ್ದರೆ ನಾಲ್ಕು ಮೀಟರ್ ದೂರಕ್ಕೆ ಎಫ್/8, ಎರಡು ಮೀಟರಿಗೆ ಎಫ್/16. ಸುದ್ದಿ ಛಾಯಾಗ್ರಾಹಕರು ಇದೊಂದೇ ಭಾಗಾಕಾರದ ಬಲದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆದರೆ ದೀಪವನ್ನು ಬೋಳಾಗಿ, ನೇರವಾಗಿ ವಸ್ತುವಿನತ್ತ ತಿರುಗಿಸಿದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಸೂರಿಗೆ ಹೊಡೆದು ಬೆಳಕನ್ನು ಕೆಳಗಿಳಿಸಿದರೆ, ಬಿಳಿ ಅಂಬ್ರೆಲಾದೊಳಗೆ ಹಾಯಿಸಿದರೆ, ಎರಡು ಮೂರು ದೀಪ ಬೇರೆಬೇರೆ ಕಡೆಯಿಂದ ಹೊತ್ತಿಸಿದರೆ ಡಬ್ಬಿಯ ಮೇಲಿನ ಸಂಖ್ಯೆ ಕೆಲಸಕ್ಕೆ ಬಾರದು. ಬೆಳಕು ಎಷ್ಟು ದೂರ ನಡೆದು ಬಂತು, ದಾರಿಯಲ್ಲಿ ಬಟ್ಟೆಗೆ, ಗೋಡೆಗೆ ಎಷ್ಟು ಕೊಟ್ಟು ಬಂತು ಎಂಬುದನ್ನು ಊಹಿಸಲಾಗದು. ಅದು ಬಂದು ತಲುಪಿದ ಜಾಗದಲ್ಲೇ ನಿಂತು ಅಳೆಯಬೇಕು.

ಈ ಅಗತ್ಯವನ್ನು ಹರಿತಗೊಳಿಸಿದ್ದು ಎಲೆಕ್ಟ್ರಾನಿಕ್ ಫ್ಲ್ಯಾಶ್. 1930ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್, ತಿರುಗುವ ಮೋಟರುಗಳನ್ನು ನಿಂತಂತೆ ನೋಡಲು ಸ್ಟ್ರೋಬೊಸ್ಕೋಪ್ ಕಟ್ಟಿದರು. ಗಾಜಿನ ಕೊಳವೆಯೊಳಗಿನ ಅನಿಲದ ಮೂಲಕ ಕೆಪಾಸಿಟರಿನ ವಿದ್ಯುತ್ತನ್ನೆಲ್ಲ ಒಮ್ಮೆಗೇ ಹರಿಸಿ ಬೆಳಕು ಹುಟ್ಟಿಸುವ ವಿಧಾನ ಅದು. ಮುಂದೆ ಅದೇ ವಿಧಾನದಿಂದ ಅವರು ಹಾಲಿನ ಹನಿ ಸಿಡಿದು ಕಿರೀಟವಾಗುವುದನ್ನೂ, ಗುಂಡು ಸೇಬನ್ನು ತೂರಿ ಹೊರಬರುವುದನ್ನೂ ಚಿತ್ರದಲ್ಲಿ ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ರಾತ್ರಿ ಹೊತ್ತು ವಿಮಾನದಿಂದ ನೆಲದ ಚಿತ್ರ ತೆಗೆಯಲೂ ಅವರ ದೀಪಗಳು ಹೋದವು. ಒಂದು ಸಣ್ಣ ಲೆಕ್ಕ ಮಾಡಿದರೆ ಈ ದೀಪದ ಸ್ವಭಾವ ಗೊತ್ತಾಗುತ್ತದೆ. 1000 ಮೈಕ್ರೊಫ್ಯಾರಡ್‌ನ ಕೆಪಾಸಿಟರಿಗೆ 300 ವೋಲ್ಟ್ ತುಂಬಿದರೆ ಅದರಲ್ಲಿ ಉಳಿಯುವ ಶಕ್ತಿ 45 ಜೌಲ್, ಒಂದು 45 ವ್ಯಾಟ್ ಬಲ್ಬು ಒಂದು ಸೆಕೆಂಡಿನಲ್ಲಿ ತಿನ್ನುವಷ್ಟು. ಅದನ್ನು ಸಾವಿರದ ಒಂದು ಪಾಲಿನಲ್ಲಿ ಖಾಲಿ ಮಾಡಿದರೆ ಆ ಕ್ಷಣದ ಮಟ್ಟಿಗೆ ದೀಪ 45 ಕಿಲೋವ್ಯಾಟ್‌ನದಾಗಿರುತ್ತದೆ.

ಆ ಹೊತ್ತಿಗೆ ಬೆಳಕನ್ನು ಅಳೆಯುವ ಮೀಟರುಗಳು ಇರಲಿಲ್ಲವೆಂದಲ್ಲ. ನ್ಯೂಜೆರ್ಸಿಯ ನ್ಯೂವರ್ಕಿನಲ್ಲಿದ್ದ ವೆಸ್ಟನ್ ಕಂಪನಿ 1932ರಲ್ಲೇ ಸೆಲೆನಿಯಂ ಕೋಶದ ಮೀಟರನ್ನು ತಂದಿತ್ತು. ಅದನ್ನು ಸ್ಥಾಪಿಸಿದ ಎಡ್ವರ್ಡ್ ವೆಸ್ಟನ್ ವಿದ್ಯುತ್ ಮಾಪನಗಳ ಪಂಡಿತ; ಅದೇ ಹೆಸರಿನ ಹೆಸರಾಂತ ಛಾಯಾಗ್ರಾಹಕ ಬೇರೆ. ಸೆಲೆನಿಯಂ ಮೇಲೆ ಬೆಳಕು ಬಿದ್ದರೆ ತೀರ ಸಣ್ಣ ವಿದ್ಯುತ್ ಹರಿಯುತ್ತದೆ, ಆ ವಿದ್ಯುತ್ತು ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿಯ ಗೊಡವೆಯೇ ಇಲ್ಲ. ಆದರೆ ಮುಳ್ಳಿಗೆ ತೂಕವಿದೆ, ಅದು ಸರಿದು ನಿಲ್ಲಲು ಸಮಯ ಬೇಕು. ಸಾವಿರದ ಒಂದು ಪಾಲು ಸೆಕೆಂಡಿನ ತಳ್ಳಿಗೆ ಅದು ಒಮ್ಮೆ ನಡುಗಬಹುದು, ಅಳತೆ ಹೇಳಲಾರದು. ಆಮೇಲೆ ಬಂದ ಕ್ಯಾಡ್ಮಿಯಂ ಸಲ್ಫೈಡ್ ಕೋಶ ಮಂದ ಬೆಳಕಿಗೂ ಸ್ಪಂದಿಸುತ್ತಿತ್ತು, ಆದರೆ ಸ್ವತಃ ಆ ಕೋಶವೇ ನಿಧಾನ. ಪ್ರಖರ ಬೆಳಕು ಕಂಡ ಮೇಲೆ ಕೆಲ ಹೊತ್ತು ಅದರ ಗುಂಗಿನಲ್ಲೇ ಉಳಿದು ಮುಂದಿನ ಅಳತೆಯನ್ನೂ ಕೆಡಿಸುತ್ತಿತ್ತು.

ಸೆಲೆನಿಯಂ ಮೀಟರುಗಳ ಕಾಲದಲ್ಲೇ ಹಾಲಿವುಡ್‌ನಲ್ಲಿ ಇನ್ನೊಂದು ಮುಖ್ಯವಾದ ಹೊಳಹು ಮೂಡಿತ್ತು. ಡಾನ್ ನಾರ್ವುಡ್ ಎಂಬವರು ಮೀಟರಿನ ಕೋಶದ ಮೇಲೆ ಅರೆಪಾರದರ್ಶಕವಾದ ಬಿಳಿ ಅರ್ಧಗೋಳವನ್ನು ಕೂರಿಸಿ 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ವಸ್ತುವಿನಿಂದ ಚಿಮ್ಮಿ ಕ್ಯಾಮೆರಾದತ್ತ ಬರುವ ಬೆಳಕನ್ನು ಬಿಟ್ಟು, ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವುದು ಅವರ ದಾರಿ. ಮುಖವೂ ಗೋಳದ ಹಾಗೆ ಉಬ್ಬಿದ ಆಕಾರವೇ ತಾನೆ. ಎಡದಿಂದ, ಬಲದಿಂದ, ಮೇಲಿನಿಂದ ಮುಖಕ್ಕೆ ಯಾವ ಅನುಪಾತದಲ್ಲಿ ಬೆಳಕು ಬೀಳುತ್ತದೋ ಅದೇ ಅನುಪಾತದಲ್ಲಿ ಅರ್ಧಗೋಳಕ್ಕೂ ಬೀಳುತ್ತದೆ. ಇಂದಿಗೂ ಕೈಮೀಟರುಗಳ ನೆತ್ತಿಯಲ್ಲಿ ಕಾಣುವ ಆ ಬಿಳಿ ಗುಬುಟು ನಾರ್ವುಡ್ ಅವರದು. ಮುಂದೆ ಟೋಕಿಯೋದ ಸೆಕೊನಿಕ್ ಅವರ ವಿನ್ಯಾಸವನ್ನು ಮುಂದುವರಿಸಿತು.

ನಮ್ಮ ಮದುವೆ ಮನೆಗಳ ಚಿತ್ರ ತೆಗೆಯುವವರಿಗೆ ಈ ಹೊಳಹಿನ ಬೆಲೆ ಬೇಗ ಅರ್ಥವಾಗುತ್ತದೆ. ಧಾರೆಯ ಹೊತ್ತಿನಲ್ಲಿ ವರ ಬಿಳಿ ಪಂಚೆ ಶಲ್ಯದಲ್ಲಿರುತ್ತಾನೆ, ಆರತಕ್ಷತೆಗೆ ಕಡು ಬಣ್ಣದ ಸೂಟು ತೊಡುತ್ತಾನೆ. ಚಿಮ್ಮಿ ಬರುವ ಬೆಳಕನ್ನು ನಂಬಿದ ಮೀಟರ್ ಎರಡನ್ನೂ ಮಧ್ಯಮ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಎದುರಿನ ದೃಶ್ಯ ಸುಮಾರು 18 ಶೇಕಡಾ ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಎಣಿಕೆಯ ಮೇಲೆ ಅದು ನಡೆಯುವುದು. ಬಿಳಿ ಪಂಚೆಯೆದುರು ಅದು ಬೆಳಕು ತಗ್ಗಿಸುತ್ತದೆ, ಮುಖ ಕಪ್ಪಿಡುತ್ತದೆ. ಕಡು ಸೂಟಿನೆದುರು ಬೆಳಕು ಏರಿಸುತ್ತದೆ, ಮುಖ ಸುಣ್ಣ ಬಳಿದಂತಾಗುತ್ತದೆ. ಬೀಳುವ ಬೆಳಕನ್ನು ಅಳೆದರೆ ಈ ಗೊಂದಲವೇ ಇಲ್ಲ. ಎಣ್ಣೆಗಪ್ಪಿನ ಮುಖ ಎಣ್ಣೆಗಪ್ಪಾಗಿಯೇ, ಗೋಧಿಬಣ್ಣದ ಮುಖ ಗೋಧಿಬಣ್ಣವಾಗಿಯೇ ಒಂದೇ ಚಿತ್ರದಲ್ಲಿ ಪಕ್ಕಪಕ್ಕ ನಿಲ್ಲುತ್ತವೆ. ಬಗೆಬಗೆಯ ಮೈಬಣ್ಣದ ಜನ ಒಟ್ಟಿಗೆ ಬಾಳುವ ನಾಡಿಗೆ ಇದಕ್ಕಿಂತ ನ್ಯಾಯವಾದ ಅಳತೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲಿ ನಿಂತು ಅಳೆಯಬೇಕೆಂಬುದು ತಿಳಿದ ಮೇಲೂ ಓಡಿಹೋಗುವ ಬೆಳಕನ್ನು ಹಿಡಿಯುವ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಸಿಕ್ಕ ಉತ್ತರ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಸಾಮಾನ್ಯ ಲೈಟ್ ಮೀಟರ್ ಬೆಳಕಿನ ಹರಿವನ್ನು ಆ ಕ್ಷಣದಲ್ಲಿ ಓದುತ್ತದೆ. ಫ್ಲ್ಯಾಶ್ ಮೀಟರ್ ಮಳೆಮಾಪಕದಂತೆ, ಬಿದ್ದದ್ದನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ. ಮಳೆ ಹತ್ತು ನಿಮಿಷ ಸುರಿಯಿತೋ ಇಡೀ ರಾತ್ರಿ ಜಿನುಗಿತೋ, ಬೆಳಿಗ್ಗೆ ನೋಡಿದರೆ ಎಷ್ಟು ಮಿಲಿಮೀಟರ್ ಎಂಬುದು ಅದರಲ್ಲಿ ನಿಂತಿರುತ್ತದೆ. ಫಿಲ್ಮಿಗೂ ಬೇಕಾದದ್ದು ಅದೇ ಮೊತ್ತ.

ಕೂಡಿಡುವ ಪಾತ್ರೆಯೂ ಒಂದು ಕೆಪಾಸಿಟರೇ. ಬೆಳಕಿಗೆ ತಕ್ಕಂತೆ ವಿದ್ಯುತ್ ಹರಿಸುವ ಕೋಶವೊಂದನ್ನು ಪುಟ್ಟ ಕೆಪಾಸಿಟರಿಗೆ ಜೋಡಿಸುತ್ತಾರೆ. ಫ್ಲ್ಯಾಶ್ ಹೊತ್ತಿದಷ್ಟು ಹೊತ್ತೂ ಹರಿದ ವಿದ್ಯುತ್ತು ಅದರಲ್ಲಿ ಸೇರುತ್ತಾ ಹೋಗುತ್ತದೆ. ಬೆಳಕು ಆರಿದ ಮೇಲೆ ಕೆಪಾಸಿಟರಿನ ವೋಲ್ಟೇಜನ್ನು ನಿಧಾನವಾಗಿ, ಪುರುಸೊತ್ತಿನಲ್ಲಿ ಅಳೆಯಬಹುದು. ಅದು ಆಗಿಹೋದ ಬೆಳಕಿನ ಮೊತ್ತಕ್ಕೆ ಸಮಪ್ರಮಾಣದಲ್ಲಿರುತ್ತದೆ. ಕೋಣೆಯ ಆ ಮೂಲೆಯಲ್ಲಿ ದೊಡ್ಡ ಕೆಪಾಸಿಟರೊಂದು ಖಾಲಿಯಾಗಿ ಬೆಳಕು ಹುಟ್ಟಿತು, ಈ ಮೂಲೆಯಲ್ಲಿ ಆ ಬೆಳಕಿನಿಂದಲೇ ಸಣ್ಣ ಕೆಪಾಸಿಟರೊಂದು ತುಂಬಿತು. ದೀಪವನ್ನು ಸಾಧ್ಯವಾಗಿಸಿದ ಬಿಡಿಭಾಗವೇ ಅದರ ಅಳತೆಯನ್ನೂ ಸಾಧ್ಯವಾಗಿಸಿದ್ದು ನೋಡಿದರೆ ಸಂತೋಷವಾಗುತ್ತದೆ.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಸೇರಿದ ವಿದ್ಯುತ್ತು ತೀರ ಅಲ್ಪ. ಅದನ್ನು ಓದಲು ಹೋದ ಸರ್ಕ್ಯೂಟೇ ಅದನ್ನು ಕುಡಿದುಬಿಟ್ಟರೆ ಅಳತೆ ಸುಳ್ಳಾಗುತ್ತದೆ. ನಿರ್ವಾತ ಕೊಳವೆಗಳ ಕಾಲದಲ್ಲಿ ಈ ಕೆಲಸ ಮೇಜಿನ ಮೇಲಿಡುವ ಪ್ರಯೋಗಾಲಯದ ಪೆಟ್ಟಿಗೆಗಳಿಗೆ ಸೇರಿತ್ತು. ಅಂಗೈಗೆ ಇಳಿಯಲು ಎರಡು ವಸ್ತು ಬೇಕಾಗಿದ್ದವು. ಒಂದು, ಸಿಲಿಕಾನ್ ಫೋಟೊಡಯೋಡ್. 1954ರಲ್ಲಿ ಬೆಲ್ ಪ್ರಯೋಗಾಲಯ ಸೌರಕೋಶ ಮಾಡಿ ತೋರಿಸಿದ ಅದೇ ಸಿಲಿಕಾನ್ ಇಲ್ಲಿ ಬೆಳಕಿಗೆ ಮೈಕ್ರೊಸೆಕೆಂಡುಗಳಲ್ಲಿ ಸ್ಪಂದಿಸುತ್ತದೆ, ಹಿಂದಿನ ಬೆಳಕಿನ ಗುಂಗು ಉಳಿಸಿಕೊಳ್ಳುವುದಿಲ್ಲ. ಅದಕ್ಕೆ ಅವಗೆಂಪು ಕಿರಣಗಳ ಮೇಲೆ ಅತಿ ಮೋಹ. ನೀಲಿ ಗಾಜಿನ ಫಿಲ್ಟರ್ ಮುಂದಿಟ್ಟು ಅದನ್ನು ಫಿಲ್ಮಿನ ದೃಷ್ಟಿಗೆ ಹೊಂದಿಸಬೇಕಾಯಿತು. ಇನ್ನೊಂದು, ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರ್. ಇದು ಕೆಪಾಸಿಟರಿನ ವೋಲ್ಟೇಜನ್ನು ಹೆಚ್ಚುಕಡಿಮೆ ಮುಟ್ಟದೆಯೇ ಓದುತ್ತದೆ. ಇವೆರಡೂ ಅಗ್ಗವಾಗುತ್ತಿದ್ದಂತೆ, 1970ರ ದಶಕದಲ್ಲಿ ಫ್ಲ್ಯಾಶ್ ಮೀಟರ್ ನಿಜವಾದ ಅರ್ಥದಲ್ಲಿ ಕೈಗೆ ಬಂತು. ಅಮೆರಿಕದ ವೈನ್, ಜರ್ಮನಿಯ ಗೊಸ್ಸೆನ್, ಜಪಾನಿನ ಮಿನೋಲ್ಟಾ ಮತ್ತು ಸೆಕೊನಿಕ್ ಈ ಪೈಪೋಟಿಯಲ್ಲಿದ್ದವು. ಮಿನೋಲ್ಟಾ ಆಗಲೇ ಹೆಸರು ಮಾಡಿತ್ತು; 1968ರಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೊಲೊ 8ರಲ್ಲಿ ಹೋದದ್ದು ಅದರದೇ ಸ್ಪಾಟ್ ಮೀಟರ್. ಮುಳ್ಳಿನ ಜಾಗಕ್ಕೆ ಅಂಕಿಗಳು ಬಂದಾಗ ಸ್ಟಾಪಿನ ಹತ್ತನೇ ಒಂದು ಪಾಲಿನವರೆಗೂ ಓದಬಹುದಾಯಿತು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಅದರ ಹತ್ತನೇ ಪಾಲು ಎಂದರೆ ಬೆಳಕಿನಲ್ಲಿ ಬರೀ ಏಳು ಶೇಕಡಾ ವ್ಯತ್ಯಾಸ.

ಆ ನಿಖರತೆಯನ್ನು ಬೇಡುತ್ತಿದ್ದದ್ದು ಬಣ್ಣದ ಸ್ಲೈಡ್ ಫಿಲ್ಮು. ನೆಗೆಟಿವ್ ಆದರೆ ಒಂದು ಸ್ಟಾಪ್ ಹೆಚ್ಚುಕಡಿಮೆಯಾದರೂ ಪ್ರಿಂಟ್ ಹಾಕುವಾಗ ಸರಿಪಡಿಸಿಕೊಳ್ಳಬಹುದು. ಸ್ಲೈಡಿನಲ್ಲಿ ಕ್ಯಾಮೆರಾದೊಳಗೆ ಹೋದ ಫಿಲ್ಮೇ ಅಂತಿಮ ಚಿತ್ರ. ಅರ್ಧ ಸ್ಟಾಪ್ ತಪ್ಪಿದರೂ ಜಾಹೀರಾತಿನ ರೇಷ್ಮೆ ಸೀರೆ ಕಳೆಗುಂದುತ್ತಿತ್ತು, ಚಿನ್ನದ ಹೊಳಪು ಬಿಳುಚುತ್ತಿತ್ತು. ಮೀಟರ್ ಇಲ್ಲದ ಸ್ಟುಡಿಯೋಗಳು ಪೋಲರಾಯ್ಡ್ ಚಿತ್ರ ತೆಗೆದು, ಒಂದು ನಿಮಿಷದಷ್ಟು ಕಾದು, ಅದನ್ನು ನೋಡಿ ದೀಪ ಸರಿಮಾಡಿ ಮತ್ತೆ ತೆಗೆಯುತ್ತಿದ್ದವು. ಮೀಟರ್ ಬಂದ ಮೇಲೂ ದೃಶ್ಯದ ಜೋಡಣೆ ನೋಡಲು ಪೋಲರಾಯ್ಡ್ ಉಳಿಯಿತು. ಬೆಳಕಿನ ಲೆಕ್ಕಕ್ಕಾಗಿ ಹಾಳೆಯ ಮೇಲೆ ಹಾಳೆ ಸುಡುವುದು ತಪ್ಪಿತು.

ಕೂಡಿಡುವ ಗುಣದಿಂದ ಇನ್ನೊಂದು ವರವೂ ಸಿಕ್ಕಿತು. ದೊಡ್ಡ ಕ್ಯಾಮೆರಾದಲ್ಲಿ ಒಂದು ಆಭರಣದ ಚಿತ್ರ ತೆಗೆಯಬೇಕು, ಹಿಂದೆ ಮುಂದೆ ಎಲ್ಲವೂ ಸ್ಪಷ್ಟವಿರಲು ಎಫ್/32 ಬೇಕು, ಆದರೆ ದೀಪದ ಬಲ ಎಫ್/16ಕ್ಕಷ್ಟೇ ಸಾಲುತ್ತದೆ ಎಂದುಕೊಳ್ಳಿ. ಎರಡು ಸ್ಟಾಪ್ ಕೊರತೆ. ಕತ್ತಲೆ ಕೋಣೆಯಲ್ಲಿ ಶಟರ್ ತೆರೆದಿಟ್ಟು ನಾಲ್ಕು ಬಾರಿ ಫ್ಲ್ಯಾಶ್ ಹೊತ್ತಿಸಿದರೆ ಆ ಕೊರತೆ ತುಂಬುತ್ತದೆ. ಫಿಲ್ಮು ನಾಲ್ಕನ್ನೂ ಕೂಡಿಕೊಂಡ ಹಾಗೆಯೇ ಮೀಟರೂ ಕೂಡಿಕೊಂಡು, ಒಂದೊಂದು ಹೊಡೆತಕ್ಕೂ ಮೊತ್ತ ಏರುವುದನ್ನು ತೋರಿಸುತ್ತದೆ. ಎಫ್/45 ಬೇಕೆಂದರೆ ಎಂಟು ಹೊಡೆತ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಯಾರೂ ಮೇಜಿಗೆ ಮೈ ತಾಗಿಸಬಾರದು, ಅಷ್ಟೇ.

ಮೀಟರಿಗೆ ಫ್ಲ್ಯಾಶ್ ಬಂದದ್ದು ಗೊತ್ತಾಗುವುದು ಹೇಗೆ? ಮೊದಲು ಸಿಂಕ್ ಕಾರ್ಡ್ ಎಂಬ ತಂತಿ ಚುಚ್ಚಿ ಮೀಟರಿನಿಂದಲೇ ದೀಪ ಹೊತ್ತಿಸುತ್ತಿದ್ದರು. ಗುಂಡಿ ಒತ್ತಿದ ಗಳಿಗೆಯೇ ಎಣಿಕೆಯ ಆರಂಭ. ತಂತಿ ಇಲ್ಲದೆಯೂ ಕೆಲಸ ನಡೆಯಲೆಂದು ಬೆಳಕಿನ ದಿಢೀರ್ ಏರಿಕೆಯನ್ನು ಗುರುತಿಸುವ ಸರ್ಕ್ಯೂಟ್ ಸೇರಿತು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಆ ಮಿನುಗು ಮಂದವಾದ ಏರಿಳಿತ, ಫ್ಲ್ಯಾಶಿನದು ಕಡಿದಾದ ಜಿಗಿತ. ಸರ್ಕ್ಯೂಟ್ ಕಡಿದಾದದ್ದಕ್ಕೆ ಮಾತ್ರ ಎಚ್ಚರಗೊಳ್ಳುತ್ತದೆ. ಎಣಿಕೆ ಎಲ್ಲಿ ನಿಲ್ಲಬೇಕೆಂಬುದನ್ನೂ ಮೀಟರಿಗೆ ಹೇಳಿಕೊಡಬೇಕು. ಕ್ಯಾಮೆರಾದ ಶಟರ್ ಸೆಕೆಂಡಿನ ಅರವತ್ತರ ಒಂದು ಪಾಲು ತೆರೆದಿರುವುದಾದರೆ ಮೀಟರೂ ಅಷ್ಟೇ ಹೊತ್ತು ಕೂಡಿಡುತ್ತದೆ. ಆಗ ಕಿಟಕಿಯಿಂದ ಬಂದ ಹಗಲ ಬೆಳಕೂ ಫ್ಲ್ಯಾಶೂ ಒಂದೇ ಮೊತ್ತದಲ್ಲಿ ಸೇರುತ್ತವೆ. ಆ ಮೊತ್ತದಲ್ಲಿ ಫ್ಲ್ಯಾಶಿನ ಪಾಲು ಎಷ್ಟು ಶೇಕಡಾ ಎಂದು ಬಿಡಿಸಿ ಹೇಳುವ ಮೀಟರುಗಳೂ ಮುಂದೆ ಬಂದವು. ಸಿಂಕ್ ಕಾರ್ಡಿನ ಜಾಗಕ್ಕೆ ರೇಡಿಯೋ ಬಂದಾಗ ಛಾಯಾಗ್ರಾಹಕರು ಮಾಡೆಲ್‌ನ ಪಕ್ಕದಲ್ಲೇ ನಿಂತು ದೂರದ ದೀಪ ಹೊತ್ತಿಸಿ ಅಳೆಯತೊಡಗಿದರು.

ಫ್ಲ್ಯಾಶೇ ತನ್ನ ಅಳತೆ ಮಾಡಿಕೊಳ್ಳುವ ಪ್ರಯತ್ನವೂ ಜೊತೆಜೊತೆಗೇ ನಡೆದಿತ್ತು. 1965ರ ಸುಮಾರಿಗೆ ಹನಿವೆಲ್ ಕಂಪನಿ ಆಟೋ ಫ್ಲ್ಯಾಶ್ ತಂದಿತು: ಚಿಮ್ಮಿ ಬಂದ ಬೆಳಕನ್ನು ಅಲ್ಲೇ ಕೂಡಿಡುತ್ತಾ, ಸಾಕೆನಿಸಿದ ಕೂಡಲೇ ಕೊಳವೆಯ ಬೆಳಕನ್ನು ನಿಲ್ಲಿಸುವ ವ್ಯವಸ್ಥೆ. 1975ರಲ್ಲಿ ಒಲಿಂಪಸ್ ಓಎಂ-2 ಈ ಎಣಿಕೆಯನ್ನು ಲೆನ್ಸಿನ ಹಿಂದಕ್ಕೆ, ಫಿಲ್ಮಿನ ಮೇಲ್ಮೈಗೇ ತಂದಿತು. ಇವೆರಡೂ ದೊಡ್ಡ ಸಾಧನೆಗಳು, ಸುದ್ದಿ ಚಿತ್ರಕ್ಕೆ ಇವು ಬೇಕೇ ಬೇಕು. ಆದರೆ ಇವು ಓದುವುದು ಹಿಂದಿರುಗಿದ ಬೆಳಕನ್ನು. ಬಿಳಿ ಪಂಚೆ, ಕಡು ಸೂಟಿನ ಹಳೆಯ ತಂಟೆ ಹಾಗೇ ಉಳಿಯಿತು.

ಕ್ಯಾಮೆರಾದ ಬೆನ್ನಿಗೆ ಪರದೆ ಬಂದ ಮೇಲೆ ಕೈಮೀಟರಿನ ಕಾಲ ಮುಗಿಯಿತೆಂದು ಎಷ್ಟೋ ಜನ ಅಂದುಕೊಂಡರು. 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯವಹಾರದಿಂದಲೇ ಹೊರಬಂತು. ಅದರ ಮೀಟರುಗಳು ಕೆಂಕೊ ಹೆಸರಿನಲ್ಲಿ ಮುಂದುವರಿದವು. ಆದರೂ ಸೆಕೊನಿಕ್ ಹೊಸ ಮೀಟರುಗಳನ್ನು ತರುತ್ತಲೇ ಇತ್ತು. ಅದರ ಎಲ್-858ಡಿ ಮೀಟರ್, ಬೆಳಕಿನ ಮೊತ್ತದ ಜೊತೆಗೆ ಫ್ಲ್ಯಾಶ್ ಎಷ್ಟು ಹೊತ್ತು ಉರಿಯಿತು ಎಂಬುದನ್ನೂ ಅಳೆಯುತ್ತದೆ. ಫ್ಲ್ಯಾಶ್ ತುತ್ತತುದಿಗೇರಿ ಆಮೇಲೆ ಬಾಲ ಎಳೆದುಕೊಂಡು ಇಳಿಯುತ್ತದೆ. ತುದಿಯ ಅರ್ಧಕ್ಕಿಂತ ಮೇಲಿದ್ದ ಹೊತ್ತನ್ನು ಒಂದು ಅಳತೆಯಾಗಿ, ಹತ್ತನೇ ಒಂದಕ್ಕಿಂತ ಮೇಲಿದ್ದ ಹೊತ್ತನ್ನು ಇನ್ನೊಂದಾಗಿ ಹೇಳುತ್ತಾರೆ. ಎರಡನೆಯದು ಮೊದಲನೆಯದರ ಸುಮಾರು ಮೂರು ಪಟ್ಟು. ಜಾಹೀರಾತುಗಳಲ್ಲಿ ಮೊದಲನೆಯದನ್ನೇ ಅಚ್ಚುಹಾಕುವುದು ರೂಢಿ, ಸಂಖ್ಯೆ ಚಿಕ್ಕದಾಗಿ ಚೆನ್ನಾಗಿ ಕಾಣುತ್ತದೆ. ನೀರಿನ ಹನಿ ಮಸುಕಾಗದೆ ನಿಲ್ಲಬೇಕೆನ್ನುವವರು ನೋಡಬೇಕಾದದ್ದು ಎರಡನೆಯದನ್ನು.

ಕ್ಯಾಮೆರಾದ ಪರದೆ ಫಲಿತಾಂಶವನ್ನು ತೋರಿಸುತ್ತದೆ. ಮುಖ್ಯ ದೀಪ ಎಫ್/8, ತುಂಬುಬೆಳಕು ಎಫ್/5.6, ಹಿನ್ನೆಲೆಯ ಎಡ ಅಂಚು ಬಲ ಅಂಚಿಗಿಂತ ಮೂರು ಹತ್ತನೇ ಪಾಲು ಕಡಿಮೆ ಎಂದು ಬಿಡಿಸಿ ಹೇಳುವುದು ಮೀಟರ್ ಮಾತ್ರ. ಹೀಗೆ ಬಿಡಿಸಿ ಹೇಳಿದ ಬೆಳಕನ್ನು ಬರೆದಿಡಬಹುದು, ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ಕೈಯಲ್ಲಿ ಮತ್ತೆ ಕಟ್ಟಬಹುದು. ಒಂದು ಎಚ್ಚರ ಮಾತ್ರ ಬೇಕು: ತಯಾರಕರು ಬಳಸುವ ಸ್ಥಿರಾಂಕಗಳು ಒಂದೇ ಅಲ್ಲವಾದ್ದರಿಂದ ಎರಡು ಒಳ್ಳೆಯ ಮೀಟರುಗಳೂ ಸ್ಟಾಪಿನ ಒಂದೆರಡು ಹತ್ತನೇ ಪಾಲು ಬೇರೆ ಹೇಳುತ್ತವೆ. ನಿಮ್ಮ ಮೀಟರ್ ಯಾವುದೋ ಅದನ್ನೇ ಕೊನೆಯವರೆಗೂ ಬಳಸಿ.

ತಾಳೆಗರಿ, ಕಡತ, ಮಠ ಮಂದಿರಗಳ ಗೋಡೆಚಿತ್ರ, ಸವೆಯುತ್ತಿರುವ ಶಾಸನಗಳ ಚಿತ್ರ ತೆಗೆಯುವ ತರುಣರು ಇಂದು ನಮ್ಮ ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಹಳೆಯದಾದರೂ ಸರಿ, ಒಂದು ಫ್ಲ್ಯಾಶ್ ಮೀಟರ್ ಹೊಂದಿಸಿಕೊಳ್ಳಿ. ಗರಿಯ ನಾಲ್ಕು ಮೂಲೆಯಲ್ಲೂ ನಡುವೆಯೂ ಅಳೆದು, ಐದೂ ಜಾಗದಲ್ಲಿ ಸ್ಟಾಪಿನ ಹತ್ತನೇ ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ ದೀಪಗಳನ್ನು ಸರಿಸಿಕೊಳ್ಳಿ. ಆಮೇಲೆ ಆ ಐದು ಸಂಖ್ಯೆಗಳನ್ನೂ ದೀಪದ ದೂರವನ್ನೂ ಚಿತ್ರದ ಮಾಹಿತಿಯ ಜೊತೆಗೇ ಬರೆದಿಡಿ. ಇಪ್ಪತ್ತು ವರ್ಷದ ಮೇಲೆ ಅದೇ ಗರಿಯನ್ನು ಅದೇ ಬೆಳಕಿನಲ್ಲಿ ಮತ್ತೆ ತೆಗೆದರೆ, ಶಾಯಿ ಎಷ್ಟು ಮಾಸಿದೆ ಎಂದು ಆಗಿನವರು ಚಿತ್ರದಿಂದಲೇ ಲೆಕ್ಕ ಹಾಕಬಲ್ಲರು.